ಇಲಿ ತಿಂದ ಪ್ಲಾಟಿಗೇ ಜಾಸ್ತಿ ಇಳುವರಿ: ‘ಆರ್’ ಸಾಫ್ಟ್‌ವೇರ್ ಪ್ರಶ್ನೆಗಳಿಗೆ ಉತ್ತರ

ಥೀಸಿಸ್ ಕೊಡುವ ದಿನ ಹತ್ತಿರ ಬಂತೆಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಥರ ಇರುತ್ತವೆ. ಈ ಸಲವೂ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆಯಿಂದ ಬಂದಿವೆ. ಅಂಕಿಅಂಶಗಳ ಲೆಕ್ಕ ಹಾಕುವ ‘ಆರ್’ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವುದು ಹೇಗೆ, ಫೈಲ್ ತೆರೆಯುವುದು ಹೇಗೆ ಎಂಬುದಕ್ಕೆ ನಾನು ಇಲ್ಲಿ ಜಾಗ ಕೊಡುವುದಿಲ್ಲ. ಅದು ನಿಮ್ಮ ಪಕ್ಕದ ಬೆಂಚಿನವರಿಗೂ ಗೊತ್ತಿರುತ್ತದೆ. ಒಂದು ಪ್ರಶ್ನೆಗೆ ಮಾತ್ರ ಉದ್ದವಾಗಿ ಉತ್ತರ ಬರೆಯುತ್ತೇನೆ. ಇದೇ ತಪ್ಪು ಎಷ್ಟೋ ಥೀಸಿಸ್‌ಗಳಲ್ಲಿ ಬೈಂಡಿಂಗ್ ಆಗಿ ಲೈಬ್ರರಿ ಸೇರಿರಬಹುದು ಎಂಬ ಚಿಂತೆ ನನ್ನದು.

ಪ್ರಶ್ನೆ: ಮೇಡಂ, ನಾನು ಕೃಷಿ ಎಂ.ಎಸ್ಸಿ. ಓದುತ್ತಿದ್ದೇನೆ. 30 ಭತ್ತದ ತಳಿ, 4 ಬ್ಲಾಕ್ (ಹೊಲದ ಭಾಗ), ಒಟ್ಟು 120 ಪ್ಲಾಟ್. ಕಾಲೇಜಿನ ಲ್ಯಾಬ್ ಕಂಪ್ಯೂಟರಿನಲ್ಲಿ ಸರಾಸರಿ ಇಳುವರಿ ಹೆಕ್ಟೇರಿಗೆ 48.1 ಕ್ವಿಂಟಲ್ ಬರುತ್ತದೆ. ಎರರ್ ಇಲ್ಲ, ವಾರ್ನಿಂಗ್ ಕೂಡ ಇಲ್ಲ. ಅದೇ ಫೈಲ್, ಅದೇ ಸ್ಕ್ರಿಪ್ಟ್ ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಉತ್ತರದ ಬದಲು ‘ಎನ್ಎ’ (ಮೌಲ್ಯ ಇಲ್ಲ ಎಂಬ ಗುರುತು) ಬರುತ್ತದೆ. ಜೊತೆಗೆ ‘ಎನ್ಎಸ್ ಇಂಟ್ರೊಡ್ಯೂಸ್ಡ್ ಬೈ ಕೊಅರ್ಷನ್’ (ಸಂಖ್ಯೆಗೆ ತಿರುಗಿಸುವಾಗ ಕೆಲವು ಎನ್ಎ ಆದವು) ಎಂಬ ವಾರ್ನಿಂಗ್. ಎನ್ಎ ಬಿಟ್ಟು ಲೆಕ್ಕ ಹಾಕಿದರೆ 52.6. ನಿನ್ನ ಲ್ಯಾಪ್‌ಟಾಪೇ ಸರಿಯಿಲ್ಲ, ಆರ್ ಮತ್ತೆ ಇನ್‌ಸ್ಟಾಲ್ ಮಾಡು ಎನ್ನುತ್ತಾರೆ ಸೀನಿಯರ್. ಯಾವುದನ್ನು ಬರೆಯಲಿ? (ಸಿಂಧನೂರು)

ಉತ್ತರ: ತಂಗಿ, 48.1 ಬರೆಯಬೇಡ. 52.6 ಕೂಡ ಈಗಲೇ ಬರೆಯಬೇಡ. ಲ್ಯಾಪ್‌ಟಾಪ್ ಚೆನ್ನಾಗಿಯೇ ಇದೆ, ಏನನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲ. ವಾರ್ನಿಂಗ್ ಕೊಟ್ಟ ಯಂತ್ರವೇ ನಿನಗೆ ನಿಜ ಹೇಳಿದೆ.

ನಿನ್ನ ಫೈಲ್ ತರಿಸಿಕೊಂಡು ನೋಡಿದೆ. 118 ಪ್ಲಾಟ್‌ಗಳಲ್ಲಿ ಸಂಖ್ಯೆ ಇದೆ. ಉಳಿದ ಎರಡರಲ್ಲಿ ಇಲಿ ತಿಂದು ಹಾಳಾಗಿತ್ತು. ಹಾಗಾಗಿ ಇಳುವರಿ ಕಾಲಮ್ಮಿನ ಆ ಎರಡು ಕೋಶದಲ್ಲಿ ನೀನು ಇಂಗ್ಲಿಷಿನಲ್ಲಿ ‘ರ‍್ಯಾಟ್’ ಎಂದು ಬರೆದಿದ್ದೀಯ. ಹೊಲದ ಪುಸ್ತಕದಲ್ಲಿ ಹಾಗೆ ಬರೆಯುವುದು ಒಳ್ಳೆಯ ಅಭ್ಯಾಸ. ಆದರೆ ಒಂದು ಕಾಲಮ್ಮಿನಲ್ಲಿ ಒಂದೇ ಒಂದು ಕೋಶ ಅಕ್ಷರವಾದರೂ ಆರ್ ಇಡೀ ಕಾಲಮ್ಮನ್ನು ಅಕ್ಷರ ಎಂದೇ ಓದುತ್ತದೆ. ಆಗ ಸರಾಸರಿ ತೆಗೆಯಲು ಬರುವುದಿಲ್ಲ. ಅಲ್ಲಿ ಯಾರೋ ನಿನಗೆ ‘ಆ್ಯಸ್ ಡಾಟ್ ನ್ಯೂಮೆರಿಕ್’ (ಸಂಖ್ಯೆಗೆ ತಿರುಗಿಸು ಎಂಬ ಆಜ್ಞೆ) ಹಾಕು, ಸರಿ ಹೋಗುತ್ತೆ ಎಂದಿದ್ದಾರೆ. ಈ ಸಲಹೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅರ್ಧ ಕಾಯಿಲೆ ಹಬ್ಬಿದ್ದೇ ಇದರಿಂದ.

ಇನ್ನು ಎರಡು ಯಂತ್ರ ಎರಡು ಉತ್ತರ ಕೊಟ್ಟಿದ್ದು ಯಾಕೆ? ನಿಮ್ಮ ಲ್ಯಾಬಿನಲ್ಲಿ ಇರುವುದು ಆರ್‌ನ ಹಳೆಯ ಆವೃತ್ತಿ 3.5. ನಿನ್ನ ಲ್ಯಾಪ್‌ಟಾಪಿನಲ್ಲಿ ಆರ್ 4.3. ನಡುವೆ 2020ರ ಏಪ್ರಿಲ್‌ನಲ್ಲಿ ಆರ್ 4.0.0 ಬಂತು. ಅದಕ್ಕೂ ಮುಂಚೆ, ಸಿಎಸ್‌ವಿ ಫೈಲ್ ಓದುವಾಗ ಅಕ್ಷರದ ಕಾಲಮ್ ಸಿಕ್ಕರೆ ಆರ್ ಅದನ್ನು ಕೇಳದೆಯೇ ‘ಫ್ಯಾಕ್ಟರ್’ ಮಾಡಿಬಿಡುತ್ತಿತ್ತು. 4.0.0 ರಿಂದ ಆ ಪದ್ಧತಿ ನಿಂತಿದೆ, ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ.

ಫ್ಯಾಕ್ಟರ್ ಎಂದರೆ ಏನು ಅಂತ ಎಪಿಎಂಸಿ ನೋಡಿದವರಿಗೆ ಬೇಗ ಗೊತ್ತಾಗುತ್ತದೆ. ರಾಶಿಗಳಿಗೆ ಲಾಟ್ ನಂಬರ್ ಕೊಡುತ್ತಾರೆ ಅಲ್ವಾ? 37ನೇ ಲಾಟ್ ಎಂದರೆ ಅದರಲ್ಲಿ 37 ಕ್ವಿಂಟಲ್ ಇದೆ ಎಂದಲ್ಲ. ಫ್ಯಾಕ್ಟರ್ ಕೂಡ ಹಾಗೆಯೇ. ಕಾಲಮ್ಮಿನಲ್ಲಿರುವ ಬೇರೆ ಬೇರೆ ಬರಹಗಳನ್ನು ನಿಘಂಟಿನ ಹಾಗೆ ಸಾಲಾಗಿ ಜೋಡಿಸಿ, 1, 2, 3 ಎಂದು ಒಳಗೆ ನಂಬರ್ ಕೊಡುತ್ತದೆ. ಅದರ ಮೇಲೆ ಆ್ಯಸ್ ಡಾಟ್ ನ್ಯೂಮೆರಿಕ್ ಹಾಕಿದರೆ ನಿನ್ನ ಇಳುವರಿ ಕೈಗೆ ಬರುವುದಿಲ್ಲ. ಲಾಟ್ ನಂಬರ್ ಬರುತ್ತದೆ. ವಾರ್ನಿಂಗ್ ಇಲ್ಲ, ಯಾಕೆಂದರೆ ಆರ್ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ. ನೀನು ನಂಬರ್ ಕೇಳಿದೆ, ಅದು ನಂಬರ್ ಕೊಟ್ಟಿತು.

ನಿನ್ನ ಫೈಲಿನಲ್ಲಿ ಬೇರೆ ಬೇರೆ ಇಳುವರಿ ಮೌಲ್ಯಗಳು 93. ಅಂದರೆ ಲಾಟ್ ನಂಬರ್ 1 ರಿಂದ 93. ಅವುಗಳ ಸರಾಸರಿ 48ರ ಹತ್ತಿರ ಬಂತು. ನಿಜವಾದ ಇಳುವರಿಯೂ ಐವತ್ತರ ಆಸುಪಾಸು. ಹಾಗಾಗಿ ನಿಮ್ಮ ಗೈಡ್‌ಗೂ ಅನುಮಾನ ಬರಲಿಲ್ಲ. ನೀನು ಕ್ವಿಂಟಲ್ ಬಿಟ್ಟು ಕಿಲೋದಲ್ಲಿ ಬರೆದಿದ್ದರೆ ಐದು ಸಾವಿರದ ಜಾಗದಲ್ಲಿ 48 ಕಂಡು ಎಲ್ಲರೂ ಬೆಚ್ಚಿಬೀಳುತ್ತಿದ್ದರು.

ಇನ್ನೂ ಕೆಟ್ಟ ಸಂಗತಿ ಕೇಳು. ನಿನ್ನ ಸಂಖ್ಯೆಗಳೆಲ್ಲ 38.5, 61.2 ಎಂದು ಒಂದೇ ಅಳತೆಯಲ್ಲಿವೆ. ನಿಘಂಟಿನ ಸಾಲೂ ಸಂಖ್ಯೆಯ ಸಾಲೂ ಒಂದೇ ಆಗಿಬಿಟ್ಟಿವೆ. ಕಡಿಮೆ ಇಳುವರಿಗೆ ಸಣ್ಣ ನಂಬರ್, ಜಾಸ್ತಿ ಇಳುವರಿಗೆ ದೊಡ್ಡ ನಂಬರ್. ಆದ್ದರಿಂದ ಗ್ರಾಫ್ ಸರಿಯಾಗಿಯೇ ಕಾಣುತ್ತದೆ, ತಳಿಗಳ ನಡುವೆ ವ್ಯತ್ಯಾಸ ಇದೆ ಎಂದೂ ಬರುತ್ತದೆ. ಆದರೆ ಕೆಳಗೆ ಬರೆದ ಸಿ.ಡಿ. (ಎರಡು ತಳಿಗಳ ನಡುವೆ ಎಷ್ಟು ಅಂತರವಿದ್ದರೆ ನಿಜವಾದ ವ್ಯತ್ಯಾಸ ಎನ್ನಬಹುದು ಎಂಬ ಅಳತೆ) ಮೌಲ್ಯ ಕ್ವಿಂಟಲ್‌ದಲ್ಲ, ಲಾಟ್ ನಂಬರಿನದು. ಇಂಗ್ಲಿಷ್ ಅಕ್ಷರ ಅಂಕಿಗಳ ನಂತರ ಬರುತ್ತದೆ. ಹಾಗಾಗಿ ‘ರ‍್ಯಾಟ್’ಗೆ ಸಿಕ್ಕಿದ್ದು ಕೊನೆಯ ನಂಬರ್, 94. ಇಲಿ ತಿಂದು ಮುಗಿಸಿದ ಎರಡು ಪ್ಲಾಟ್‌ಗಳೇ ನಿನ್ನ ಲ್ಯಾಬಿನ ಲೆಕ್ಕದಲ್ಲಿ ಇಡೀ ಪ್ರಯೋಗದ ಅತಿ ಹೆಚ್ಚು ಇಳುವರಿಯ ಪ್ಲಾಟ್‌ಗಳು. ಆ ತಳಿಯನ್ನು ಒಳ್ಳೆಯದೆಂದು ನಾಳೆ ಯಾರಾದರೂ ರೈತರಿಗೆ ಹೇಳಿದರೆ?

ಈಗ ಮಾಡಬೇಕಾದ್ದು. ಫೈಲ್ ಓದಿದ ಕೂಡಲೇ ‘ಎಸ್‌ಟಿಆರ್’ ಕೊಟ್ಟು ಪ್ರತಿ ಕಾಲಮ್ಮಿನ ಜಾತಿ ನೋಡು. ಇಳುವರಿಯ ಎದುರು ‘ನಮ್’ (ಸಂಖ್ಯೆ) ಎಂದು ಇರಬೇಕು. ‘ಸಿಎಚ್ಆರ್’ (ಅಕ್ಷರ) ಅಥವಾ ‘ಫ್ಯಾಕ್ಟರ್’ ಇದ್ದರೆ ಮುಂದೆ ಹೋಗಬೇಡ. ಮೂಲ ಕಾಲಮ್ಮನ್ನು ಮುಟ್ಟದೆ ಹೊಸ ಕಾಲಮ್ ಮಾಡು. ಮೊದಲು ‘ಆ್ಯಸ್ ಡಾಟ್ ಕ್ಯಾರೆಕ್ಟರ್’, ಅದರ ಮೇಲೆ ‘ಆ್ಯಸ್ ಡಾಟ್ ನ್ಯೂಮೆರಿಕ್’. ಈ ಕ್ರಮದಲ್ಲಿ ಮಾಡಿದರೆ ಹಳೆಯ ಆರ್ ಕೂಡ ಸರಿಯಾದ ಸಂಖ್ಯೆ ಕೊಡುತ್ತದೆ. ಆಮೇಲೆ ಹೊಸ ಕಾಲಮ್ಮಿನಲ್ಲಿ ಎನ್ಎ ಆದ ಸಾಲುಗಳನ್ನು ಮಾತ್ರ ತೆಗೆದು, ಹಳೆಯ ಕಾಲಮ್ಮಿನಲ್ಲಿ ಅಲ್ಲಿ ಏನಿತ್ತು ಎಂದು ಕಣ್ಣಾರೆ ನೋಡು. ನಿನ್ನ ಫೈಲಿನಲ್ಲಿ ಇಲಿ ಮಾತ್ರ ಇತ್ತು, ಬೇರೆಯವರ ಫೈಲುಗಳಲ್ಲಿ ಇನ್ನೂ ಏನೇನೋ ಸಿಗುತ್ತವೆ. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಅಕ್ಷರ, ಎರಡು ಚುಕ್ಕೆ, 5,240 ಎಂದು ಹಾಕಿದ ಅಲ್ಪವಿರಾಮ, ಸಂಖ್ಯೆಯ ಮುಂದೆ ‘ಕೆ.ಜಿ.’ ಎಂಬ ಬರಹ. ಇವೆಲ್ಲ ನಿಜವಾದ ಅಳತೆಗಳು, ಟೈಪ್ ಮಾಡುವಾಗ ಕೆಟ್ಟಿದ್ದು. ಇವನ್ನು ಹೊಲದ ಪುಸ್ತಕ ನೋಡಿ ತಿದ್ದಬೇಕು. ‘ಎನ್ಎ ಡಾಟ್ ಆರ್‌ಎಂ’ (ಎನ್ಎ ಬಿಟ್ಟು ಲೆಕ್ಕ ಹಾಕು ಎಂಬ ಸೂಚನೆ) ಹಾಕಿ ಸುಮ್ನೆ ಬಿಟ್ಟರೆ ಇಲಿಯ ಜೊತೆ ಇವೂ ಹೋಗುತ್ತವೆ. ಎಕ್ಸೆಲ್‌ನ ಸರಾಸರಿ ಸೂತ್ರ ಕೂಡ ಅಕ್ಷರದ ಕೋಶಗಳನ್ನು ಹೇಳದೆ ಕೇಳದೆ ಬಿಟ್ಟು ಲೆಕ್ಕ ಹಾಕುತ್ತದೆ. ಎಕ್ಸೆಲ್‌ನಲ್ಲೂ 52.6 ಬಂತು ಎಂಬುದು ಸಾಕ್ಷಿಯಲ್ಲ.

ಇನ್ನು ಇಲಿಯ ಪ್ಲಾಟ್‌ಗಳು. ಅವನ್ನು ಬಿಡಬೇಕೇ, ಸೊನ್ನೆ ಹಾಕಬೇಕೇ? ಇದನ್ನು ಸಾಫ್ಟ್‌ವೇರ್ ಹೇಳುವುದಿಲ್ಲ, ಹೊಲ ನೋಡಿದವರು ಹೇಳಬೇಕು. ಬದುವಿನ ಪಕ್ಕದ ಪ್ಲಾಟ್ ಎಂದು ಇಲಿ ಬಂದಿದ್ದರೆ ತಳಿಗೂ ಅದಕ್ಕೂ ಸಂಬಂಧವಿಲ್ಲ, ಬಿಡಬಹುದು. ಆ ತಳಿ ಬೇರೆಯವಕ್ಕಿಂತ ಮುಂಚೆ ತೆನೆ ಕಟ್ಟಿ, ಅದಕ್ಕೇ ಇಲಿ ಅಲ್ಲಿಗೆ ನುಗ್ಗಿದ್ದರೆ ಅದು ತಳಿಯ ಗುಣವೇ. ಬಿಟ್ಟರೆ ತಳಿಗೆ ಸುಳ್ಳು ಹೆಸರು ಬರುತ್ತದೆ. ಗೈಡ್ ಜೊತೆ ಕೂತು ತೀರ್ಮಾನ ಮಾಡಿ, ಮಾಡಿದ್ದನ್ನು ಥೀಸಿಸ್‌ನಲ್ಲಿ ಒಂದು ಸಾಲು ಬರೆಯಿರಿ. ಬಿಟ್ಟರೆ ಪ್ರಯೋಗದ ಸಮತೋಲ ತಪ್ಪುತ್ತದೆ. ಆಗ ತಳಿಗಳ ವ್ಯತ್ಯಾಸ ಪರೀಕ್ಷಿಸುವ ‘ಎಒವಿ’ ಆಜ್ಞೆಯಲ್ಲಿ ಬ್ಲಾಕ್ ಮೊದಲು, ತಳಿ ಆಮೇಲೆ ಬರೆಯಬೇಕು. ಅದು ಬರೆದ ಕ್ರಮದಲ್ಲೇ ಒಂದೊಂದಾಗಿ ಲೆಕ್ಕ ಹಾಕುವುದರಿಂದ, ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತದೆ.

ಹೊಸ ಆರ್ ಹಾಕಿಕೊಂಡೆ, ನನಗೆ ಈ ಕಾಟ ಇಲ್ಲ ಎನ್ನಬೇಡಿ. ನೀವೇ ಫ್ಯಾಕ್ಟರ್ ಮಾಡಿದ ಕಾಲಮ್ಮಿಗೆ ಇವತ್ತಿಗೂ ಇದೇ ಗತಿ. ಸಾರಜನಕ 0, 50, 100, 150 ಕಿಲೋ ಎಂದು ಇಟ್ಟು, ಫ್ಯಾಕ್ಟರ್ ಮಾಡಿ, ಮತ್ತೆ ಸಂಖ್ಯೆಗೆ ತಿರುಗಿಸಿದರೆ ಸಿಗುವುದು 1, 2, 3, 4. ಅದರಿಂದ ತೆಗೆದ ರಿಗ್ರೆಷನ್‌ನಲ್ಲಿ (ಗೊಬ್ಬರ ಹೆಚ್ಚಿದಂತೆ ಇಳುವರಿ ಎಷ್ಟು ಬದಲಾಗುತ್ತದೆ ಎಂಬ ಲೆಕ್ಕದಲ್ಲಿ) ಒಂದು ಕಿಲೋ ಸಾರಜನಕಕ್ಕೆ ಐವತ್ತು ಕಿಲೋದ ಫಲ ತೋರಿಸುತ್ತದೆ.

ವಾರ್ನಿಂಗ್ ಬಂದರೆ ‘ಸಪ್ರೆಸ್ ವಾರ್ನಿಂಗ್ಸ್’ ಹಾಕಿ ಎಂದು ಕಲಿಸುವವರಿದ್ದಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಒಮ್ಮೆ ಒಂದು ಆರೋಗ್ಯ ಸರ್ವೆಯ ಲೆಕ್ಕ ನನ್ನ ಕೈಗೆ ಬಂದಿತ್ತು. ವಯಸ್ಸು ಗೊತ್ತಿಲ್ಲದವರಿಗೆ 99 ಎಂದು ಹಾಕಿದ್ದರು. 99 ಸಂಖ್ಯೆಯೇ ಆದ್ದರಿಂದ ಯಾವ ವಾರ್ನಿಂಗೂ ಬರಲಿಲ್ಲ. ವರದಿ ಕಳಿಸುವ ಹಿಂದಿನ ರಾತ್ರಿ, 99 ವರ್ಷದ ಗರ್ಭಿಣಿಯರ ಸಾಲು ನನ್ನ ಕಣ್ಣಿಗೆ ಬಿತ್ತು. ಅವತ್ತಿನಿಂದ ಪ್ರತಿ ಕಾಲಮ್ಮಿನ ಅತಿ ಕಡಿಮೆ, ಅತಿ ಹೆಚ್ಚು ಮೌಲ್ಯ ನೋಡದೆ ನಾನು ಒಂದು ಸರಾಸರಿಯನ್ನೂ ತೆಗೆಯುವುದಿಲ್ಲ.

ದೊಡ್ಡವರಿಗೂ ಇದು ತಪ್ಪಿಲ್ಲ. ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗಾಫ್ 2010ರಲ್ಲಿ ದೇಶಗಳ ಸಾಲದ ಬಗ್ಗೆ ಬರೆದ ಪ್ರಬಂಧವನ್ನು ಸರ್ಕಾರಗಳೇ ಎತ್ತಿ ಹಿಡಿದಿದ್ದವು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಫೈಲ್ ತರಿಸಿಕೊಂಡು ನೋಡಿದ. ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಅಲ್ಲಿಯೂ ಯಾವ ಎರರ್ ಬಂದಿರಲಿಲ್ಲ.

ಪ್ರಶ್ನೆ: ನಮ್ಮ ಜಿಲ್ಲೆಯ 2011ರ ಜನಗಣತಿಯನ್ನೂ 2022ರ ಶಾಲಾ ದಾಖಲೆಯನ್ನೂ ಮರ್ಜ್ ಮಾಡಿದರೆ (ಒಂದಕ್ಕೊಂದು ಜೋಡಿಸಿದರೆ) ಅರ್ಧ ಸಾಲುಗಳು ಮಾಯವಾಗುತ್ತವೆ. ಇದು ಆರ್‌ನ ಬಗ್ ಅಲ್ವಾ ಮೇಡಂ? (ಬಳ್ಳಾರಿ)

ಉತ್ತರ: ಬಗ್ ಅಲ್ಲ. ‘ಮರ್ಜ್’ ಎರಡೂ ಕಡೆ ಹೆಸರು ಹೊಂದಿದ ಸಾಲುಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಸದ್ದಿಲ್ಲದೆ ಬಿಡುತ್ತದೆ. ‘ಆಲ್ ಈಕ್ವಲ್ ಟ್ರೂ’ ಕೊಟ್ಟು ನೋಡಿ, ಹೊಂದದವು ಎಲ್ಲ ಕಾಣುತ್ತವೆ.

ಆದರೆ ನಿಮ್ಮ ತೊಂದರೆ ಇನ್ನೂ ಆಳದ್ದು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ನಮ್ಮ ಊರಿನ ಹೆಸರು ‘ಬೆಳ್ಳಾರಿ’ ಹೋಗಿ ‘ಬಳ್ಳಾರಿ’ ಆಯಿತು. ಕಂಪ್ಯೂಟರಿಗೆ ಅವು ಎರಡು ಬೇರೆ ಊರು. ಅದನ್ನು ತಿದ್ದಿದರೂ ಮುಗಿಯಲಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಡಗಲಿ ಈಗ ನಿಮ್ಮ ಜಿಲ್ಲೆಯಲ್ಲಿಲ್ಲ. ಹರಪನಹಳ್ಳಿ 2011ರ ಜನಗಣತಿಯಲ್ಲಿ ದಾವಣಗೆರೆಯದು, ಈಗ ವಿಜಯನಗರದ್ದು. ಆಗಿನ ಬಳ್ಳಾರಿಯೂ ಈಗಿನ ಬಳ್ಳಾರಿಯೂ ಒಂದೇ ನೆಲವಲ್ಲ. ‘ಜಿಲ್ಲೆಯ ಮಕ್ಕಳ ಸಂಖ್ಯೆ ಕುಸಿದಿದೆ’ ಎಂದು ಬರೆಯುವ ಮುಂಚೆ ಇದನ್ನು ಯೋಚಿಸಿ. ಕೊಪ್ಪಳದವರೂ ಕೇಳಿ: 1991ರ ಜನಗಣತಿಯಲ್ಲಿ ನಿಮ್ಮ ಜಿಲ್ಲೆಯೇ ಇಲ್ಲ, ನೀವು ರಾಯಚೂರಿನ ಒಳಗಿದ್ದಿರಿ.

ಜಿಲ್ಲೆ ಬಿಟ್ಟು ಹಳ್ಳಿಯ ಮಟ್ಟಕ್ಕೆ ಇಳಿಯಿರಿ, ಹೆಸರಿನ ಬದಲು ಜನಗಣತಿಯ ಹಳ್ಳಿ ಕೋಡ್ ಹಿಡಿದು ಜೋಡಿಸಿ. ಹೆಸರು ಹಿಡಿದರೆ ಒಂದೇ ಹೆಸರಿನ ಹಳ್ಳಿಗಳು, ಕ್ಯಾಂಪ್‌ಗಳು ಒಂದಕ್ಕೊಂದು ಗಂಟು ಬಿದ್ದು ಸಾಲುಗಳು ಹೆಚ್ಚಾಗುತ್ತವೆ. ಮರ್ಜ್‌ಗೆ ಮುಂಚೆ ಎಷ್ಟು ಸಾಲು, ನಂತರ ಎಷ್ಟು ಸಾಲು ಎಂದು ಹಾಳೆಯಲ್ಲಿ ಬರೆದಿಡಿ.

ಪ್ರಶ್ನೆ: ಫೈಲಿನ ದಾರಿ ಅಂಟಿಸಿದರೆ ‘ಯು’ ಬಗ್ಗೆ ಏನೋ ಎರರ್ ಬರುತ್ತದೆ. (ಗಂಗಾವತಿ)

ಉತ್ತರ: ವಿಂಡೋಸ್‌ನ ಬ್ಯಾಕ್‌ಸ್ಲ್ಯಾಶ್ ತೆಗೆದು ಫಾರ್ವರ್ಡ್ ಸ್ಲ್ಯಾಶ್ ಹಾಕಿ. ಇದನ್ನು ಇನ್ನು ಕೇಳಬೇಡಿ.

ಪ್ರಶ್ನೆ: ‘ಕುಡ್ ನಾಟ್ ಫೈಂಡ್ ಫಂಕ್ಷನ್’ ಎನ್ನುತ್ತದೆ. ಆರ್ ಕೆಟ್ಟಿದೆಯೇ? (ಲಿಂಗಸುಗೂರು)

ಉತ್ತರ: ಇಲ್ಲ. ಪ್ಯಾಕೇಜನ್ನು ‘ಲೈಬ್ರರಿ’ ಕೊಟ್ಟು ಕರೆದಿಲ್ಲ, ಇಲ್ಲವೇ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ತಪ್ಪಿದೆ.

ಪ್ರಶ್ನೆ: ಕನ್ನಡದ ಉತ್ತರಗಳಿರುವ ಫೈಲ್ ಓದಿದರೆ ಅರ್ಥವಿಲ್ಲದ ಚಿಹ್ನೆ ಬರುತ್ತವೆ. (ಕೊಪ್ಪಳ)

ಉತ್ತರ: ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅದು ಕಂಪ್ಯೂಟರಿಗೆ ಕನ್ನಡವೇ ಅಲ್ಲ. ಮೊದಲು ಯೂನಿಕೋಡ್‌ಗೆ ಬದಲಿಸಿ. ಯೂನಿಕೋಡ್ ಆಗಿಯೂ ವಿಂಡೋಸ್‌ನಲ್ಲಿ ಸರಿ ಕಾಣದಿದ್ದರೆ ಆರ್ 4.2 ಅಥವಾ ಅದಕ್ಕಿಂತ ಹೊಸದನ್ನು ಹಾಕಿಕೊಳ್ಳಿ. ಅಲ್ಲಿಂದ ಹೊಸ ವಿಂಡೋಸ್‌ನಲ್ಲಿ ಯುಟಿಎಫ್-8 ತಾನಾಗಿಯೇ ಇರುತ್ತದೆ.

ಪ್ರಶ್ನೆ: ಸೀಡ್ (ಪ್ರತಿ ಸಲ ಅದೇ ಸ್ಯಾಂಪಲ್ ಬರಲೆಂದು ಕೊಡುವ ಸಂಖ್ಯೆ) ಕೊಟ್ಟಿದ್ದರೂ 2018ರಲ್ಲಿ ಬಂದ ಸ್ಯಾಂಪಲ್ ಈಗ ಬರುತ್ತಿಲ್ಲ. (ಮಾನ್ವಿ)

ಉತ್ತರ: 2019ರಲ್ಲಿ ಬಂದ ಆರ್ 3.6.0 ಸ್ಯಾಂಪಲ್ ಎತ್ತುವ ರೀತಿಯನ್ನೇ ಬದಲಿಸಿತು. ‘ಆರ್‌ಎನ್‌ಜಿ ಕೈಂಡ್’ನಲ್ಲಿ ‘ಸ್ಯಾಂಪಲ್ ಡಾಟ್ ಕೈಂಡ್’ಗೆ ‘ರೌಂಡಿಂಗ್’ ಕೊಟ್ಟರೆ ಹಳೆಯದು ಬರುತ್ತದೆ. ಹೊಸ ಕೆಲಸಕ್ಕೆ ಅದನ್ನು ಬಳಸಬೇಡಿ.

ಪ್ರಶ್ನೆ: ಬಸ್ ಸ್ಟ್ಯಾಂಡ್ ಹತ್ತಿರ ಒಂದು ಥೀಸಿಸ್ ಸೆಂಟರ್ ಇದೆ. ಬಟನ್ ಒತ್ತುವ ಸಾಫ್ಟ್‌ವೇರಿನಲ್ಲಿ ಮಾಡಿಕೊಡುತ್ತಾರೆ, ಅದರಲ್ಲಿ ಎರರ್ ಬರುವುದೇ ಇಲ್ಲವಂತೆ. ಕೊಡಲೇ? (ರಾಯಚೂರು)

ಉತ್ತರ: ಕೊಡಬೇಡಿ. ಎರರ್ ಬರದಿದ್ದರೆ ಏನಾಗುತ್ತದೆ ಎಂದು ಸಿಂಧನೂರಿನ ಹುಡುಗಿಯ ಉತ್ತರದಲ್ಲಿ ಓದಿ. ಹೀಗೆ ಮಾಡಿಸಿಕೊಂಡವರು ವೈವಾದಲ್ಲಿ ಒಂದು ಪ್ರಶ್ನೆಗೂ ಉತ್ತರಿಸಲಾಗದೆ ನಿಂತಿದ್ದನ್ನು ನಾನು ಎದುರಿಗೇ ಕೂತು ನೋಡಿದ್ದೇನೆ. ತುಂಬ ನೋವಾಗುತ್ತದೆ. ಎರಡು ವರ್ಷ ಬಿಸಿಲಲ್ಲಿ ನಿಂತು ಅಳೆದವರು ಅವರೇ. ಈಗಾಗಲೇ ಕೊಟ್ಟಿದ್ದರೆ ಫಲಿತಾಂಶದ ಹಾಳೆ ಒಂದೇ ತರಬೇಡಿ. ಮೂಲ ಫೈಲ್, ಅವರು ತಿದ್ದಿದ ಫೈಲ್, ಮಾಡಿದ ಪ್ರತಿ ಹೆಜ್ಜೆಯ ಬರಹ, ಮೂರನ್ನೂ ಕೇಳಿ. ಕೊಡುವುದಿಲ್ಲ ಎಂದರೆ ಆ ಸಂಖ್ಯೆಗಳನ್ನು ಬದಿಗಿಟ್ಟು ಹೊಲದ ಪುಸ್ತಕದಿಂದ ಮತ್ತೆ ಶುರು ಮಾಡಿ. 120 ಸಾಲು ಟೈಪ್ ಮಾಡಲು ಒಂದು ಮಧ್ಯಾಹ್ನ ಸಾಕು.