ಪ್ರಶ್ನೆ ಕೇಳುವವರನ್ನು ಬೈಯಬೇಡಿ, ಮೇಷ್ಟ್ರೇ

ಹಾವೇರಿ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: "ಗೆದ್ದವರು ಐದು ವರ್ಷ ಆಳಲಿ, ಸೋತವರು ಸುಮ್ಮನಿರಲಿ. ವಿರೋಧ ಪಕ್ಷದವರಿಗೆ ಖರ್ಚಿನ ಲೆಕ್ಕ ಬೇಕು, ಮಂತ್ರಿಗಳ ರಾಜೀನಾಮೆ ಬೇಕು, ಕೊನೆಗೆ ಬೇರೆ ದೇಶದ ಜೊತೆಗಿನ ವ್ಯವಹಾರದಲ್ಲೂ ಮೂಗು ತೂರಿಸಬೇಕು. ಮನೆ ಜಗಳ ಬೀದಿಗೆ ತರಬಾರದು ಅಂತ ನಾವು ಮಕ್ಕಳಿಗೆ ಹೇಳಿಕೊಟ್ಟಿಲ್ಲವೇ? ನಿಮ್ಮ ಪತ್ರಿಕೆ ಇಂಥವರಿಗೆ ಯಾಕೆ ಇಷ್ಟು ಜಾಗ ಕೊಡುತ್ತದೆ?"

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದು ಕಾಗುಣಿತ ತಪ್ಪಿಲ್ಲ, ಒಂದು ಕೆಟ್ಟ ಮಾತಿಲ್ಲ. ಈ ಕಾಲದಲ್ಲಿ ಹೀಗೆ ಸಿಟ್ಟು ಮಾಡಿಕೊಳ್ಳುವವರು ಕಡಿಮೆ. ಆದ್ದರಿಂದ ನನ್ನ ಉತ್ತರವೂ ಸ್ವಲ್ಪ ಉದ್ದವಾಗುತ್ತದೆ.

ಒಂದು ಮಾತು ಮೊದಲೇ ಒಪ್ಪಿಬಿಡುತ್ತೇನೆ. ಸದನದ ಬಾವಿಗಿಳಿದು, ಅಂದರೆ ಸ್ಪೀಕರ್ ಪೀಠದ ಮುಂದಿನ ಜಾಗಕ್ಕೆ ನುಗ್ಗಿ, ಕಾಗದ ಹರಿದು ತೂರುವುದು ನನಗೂ ಇಷ್ಟವಿಲ್ಲ. 2010ರ ಸಂಸತ್ತಿನ ಚಳಿಗಾಲದ ಅಧಿವೇಶನ 2ಜಿ ತರಂಗಾಂತರ ಹಗರಣದ ಗಲಾಟೆಯಲ್ಲಿ ಹೆಚ್ಚುಕಡಿಮೆ ಪೂರ್ತಿ ಕೊಚ್ಚಿಹೋಯಿತು. ಅವತ್ತು ಕೂಗಿದವರು ಮುಂದೆ ಆಡಳಿತದಲ್ಲಿ ಕೂತರು. ಕೂಗಿಸಿಕೊಂಡವರು ಎದುರು ಕೂತು ತಾವೂ ಕೂಗಿದರು. ಅದು ತಪ್ಪೇ.

ಆದರೆ ಕೂಗುವುದು ಬೇರೆ, ಕೇಳುವುದು ಬೇರೆ. ನೀವು ಎರಡನ್ನೂ ಒಂದೇ ಕಣಕ್ಕೆ ಹಾಕಿ ಒಕ್ಕಿದ್ದೀರಿ.

ನಾನು ಹೊಸದಾಗಿ ವರದಿಗಾರನಾಗಿದ್ದಾಗ ವಿಧಾನಸೌಧದಲ್ಲಿ ದಿನವೂ ಒಂದು ಕಟ್ಟು ಕಾಗದ ಕೈಗೆ ಬರುತ್ತಿತ್ತು. ಸದನದಲ್ಲಿ ಬಾಯಿಮಾತಿನ ಉತ್ತರ ಬೇಡುವ ಚುಕ್ಕೆ ಗುರುತಿನ ಪ್ರಶ್ನೆ, ಬರವಣಿಗೆಯ ಉತ್ತರ ಸಾಕೆನ್ನುವ ಚುಕ್ಕೆ ಗುರುತಿಲ್ಲದ ಪ್ರಶ್ನೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಭಾಷೆ ಒಣಕಲು. "ಸರ್ಕಾರದ ಗಮನಕ್ಕೆ ಬಂದಿದೆಯೇ?" "ಬಂದಿದೆ." "ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು?" "ಪರಿಶೀಲನೆಯಲ್ಲಿದೆ." ಇನ್ನೊಂದು ಕಡೆ ಬರೀ ಒಂದು ಪದ: "ಉದ್ಭವಿಸುವುದಿಲ್ಲ." ಹಳೆಯ ವರದಿಗಾರರು ಆ ಕಟ್ಟನ್ನು ಮಡಚಿ ಬದಿಗಿಟ್ಟು ಗಲಾಟೆ ಶುರುವಾಗಲಿ ಎಂದು ಕಾಯುತ್ತಿದ್ದರು. ನಾನು ಹೊಸಬ. ಕೂತು ಓದುತ್ತಿದ್ದೆ.

ಒಂದು ದಿನ ಅದರಲ್ಲಿ ನಮ್ಮೂರ ಹಳ್ಳದ ಸೇತುವೆ ಸಿಕ್ಕಿತು. ವಿರೋಧ ಪಕ್ಷದ ಶಾಸಕರೊಬ್ಬರು ಇಡೀ ತಾಲ್ಲೂಕಿನ ಕಾಮಗಾರಿಗಳ ಲೆಕ್ಕ ಕೇಳಿದ್ದರು. ಅನುಬಂಧದ ಪಟ್ಟಿಯಲ್ಲಿ ನಮ್ಮೂರ ಹೆಸರು, ಬಿಡುಗಡೆಯಾದ ಹಣ, ಷರಾ ಅಂಕಣದಲ್ಲಿ "ಪೂರ್ಣಗೊಂಡಿದೆ". ಅಲ್ಲಿ ಇದ್ದದ್ದು ಎರಡು ಕಂಬ ಮಾತ್ರ. ಅವುಗಳ ತಲೆಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ಸರಳು. ಮಳೆಗಾಲದಲ್ಲಿ ಶಾಲೆ ಮಕ್ಕಳು ಅಡಿಕೆ ಮರದ ಸಂಕ ದಾಟಿಕೊಂಡೇ ಹೋಗುತ್ತಿದ್ದರು. ಆ ಹಾಳೆಯನ್ನು ಊರಿಗೆ ಒಯ್ದೆ. ಹೋಟೆಲ್ಲಿನ ಬೆಂಚಿನ ಮೇಲೆ ಹರಡಿಕೊಂಡು ಜನ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಅಲ್ಲಿಯತನಕ "ಏನೋ ತಿಂದಿದ್ದಾರೆ" ಎನ್ನುತ್ತಿದ್ದವರ ಕೈಯಲ್ಲಿ ಈಗ ಸರ್ಕಾರವೇ ಬರೆದುಕೊಟ್ಟ ಸುಳ್ಳು ಇತ್ತು. ಮುಂದಿನ ಮಳೆಗಾಲಕ್ಕೆ ಸೇತುವೆ ಮುಗಿಯಿತು. ಆ ಶಾಸಕರು ಕೂಗಲಿಲ್ಲ, ಬಾವಿಗಿಳಿಯಲಿಲ್ಲ. ಒಂದು ಪ್ರಶ್ನೆ ಬರೆದು ಕೊಟ್ಟಿದ್ದರು, ಅಷ್ಟೇ.

ಖರ್ಚು ಕೇಳಿದರೆ ನಿಮಗೆ ಸಣ್ಣತನ ಅನ್ನಿಸುತ್ತದೆ. 1963ರ ಆಗಸ್ಟ್ ನೆನಪಿಸಿಕೊಳ್ಳಿ. ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ನಿರ್ಣಯ. ತಂದವರು ಆಚಾರ್ಯ ಕೃಪಲಾನಿ. ಅದೇ ವರ್ಷ ಫರೂಕಾಬಾದ್ ಉಪಚುನಾವಣೆ ಗೆದ್ದು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಲೋಕಸಭೆಗೆ ಬಂದಿದ್ದರು. 1951ರಲ್ಲಿ ನಮ್ಮ ಸಾಗರದ ಕಡೆ ಕಾಗೋಡು ಗೇಣಿದಾರರ ಜೊತೆ ನಿಂತು ಬಂಧನಕ್ಕೊಳಗಾದ ಅದೇ ಲೋಹಿಯಾ. ಅವರು ಹೇಳಿದ್ದು ಇಷ್ಟು: ಈ ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ (ಹದಿನಾರು ಆಣೆಗೆ ಒಂದು ರೂಪಾಯಿ) ಬದುಕುತ್ತಿದ್ದಾರೆ, ಪ್ರಧಾನಿಯ ಮೇಲೆ ದಿನಕ್ಕೆ 25 ಸಾವಿರ ರೂಪಾಯಿ ಖರ್ಚಾಗುತ್ತಿದೆ. ನೆಹರೂ ಒಪ್ಪಲಿಲ್ಲ, ಹದಿನೈದು ಆಣೆ ಎಂದರು. ಮೂರೋ ಹದಿನೈದೋ ಎಂದು ದೇಶವೇ ಲೆಕ್ಕಕ್ಕೆ ಕೂತಿತು. ನಿರ್ಣಯ ಸೋತಿತು, ಪರವಾಗಿ 62, ವಿರುದ್ಧ 347. ಸರ್ಕಾರದ ಒಂದು ಕೂದಲೂ ಕೊಂಕಲಿಲ್ಲ. ಆದರೆ ಬಡವನ ದಿನದ ಸಂಪಾದನೆ ಎಷ್ಟು ಎಂಬ ಮಾತು ದೇಶದ ಅತಿ ದೊಡ್ಡ ಸಭೆಯಲ್ಲಿ ಆಣೆ ಲೆಕ್ಕದಲ್ಲಿ ಚರ್ಚೆಯಾಯಿತು. ಮೇಷ್ಟ್ರೇ, ನಿಮ್ಮ ತರಗತಿಯಲ್ಲಿ ಹಸಿದುಕೊಂಡು ಬಂದು ಕೂತ ಮಕ್ಕಳ ಪರವಾಗಿ ಕೇಳಿದ ಪ್ರಶ್ನೆ ಅದು.

ಇನ್ನು ನೀತಿ. ಮಂತ್ರಿಯ ರಾಜೀನಾಮೆ ಕೇಳುವುದು ಬರೀ ಹೊಟ್ಟೆಕಿಚ್ಚು ಎಂದು ಬರೆದಿದ್ದೀರಿ. ಎಲ್‌ಐಸಿ ಹುಟ್ಟಿ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಜನರ ವಿಮೆಯ ಕಂತಿನ ದುಡ್ಡು, ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಜಾಸ್ತಿ, ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳಿಗೆ ಹೋಯಿತು. 1957ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಅದನ್ನು ಎಳೆಎಳೆಯಾಗಿ ಬಿಡಿಸಿಟ್ಟವರು ಫಿರೋಜ್ ಗಾಂಧಿ. ಅವರು ವಿರೋಧ ಪಕ್ಷದವರೇ ಅಲ್ಲ. ಆಡಳಿತ ಪಕ್ಷದ ಸದಸ್ಯರು, ಪ್ರಧಾನಿಯ ಅಳಿಯ! ತನಿಖೆಗೆ ನೇಮಕವಾದ ನ್ಯಾಯಮೂರ್ತಿ ಛಾಗ್ಲಾ ಆಯೋಗ ಬಹಿರಂಗವಾಗಿ ವಿಚಾರಣೆ ನಡೆಸಿತು. ಒಳಗೆ ಜಾಗ ಸಾಲದೆ ಹೊರಗಿನ ಜನಕ್ಕೆ ಧ್ವನಿವರ್ಧಕ ಹಾಕಬೇಕಾಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮನೆಯ ಅಳಿಯನೇ ಮಾವನ ಸರ್ಕಾರದ ಲೆಕ್ಕ ಕೇಳಿದ್ದಕ್ಕೆ ಮನೆ ಮುರಿಯಲಿಲ್ಲ, ದೇಶವೂ ಮುರಿಯಲಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ನೋವಾಗಿದ್ದು ವಿದೇಶಾಂಗದ ಮಾತು. "ಗಡಿ ವಿಷಯದಲ್ಲಿ ಸರ್ಕಾರಕ್ಕೇ ಗೊತ್ತಿರುತ್ತದೆ, ನಾವು ನಂಬಬೇಕು" ಎಂದಿದ್ದೀರಿ. ನಂಬಿ ಕೂತಿದ್ದೆವಲ್ಲ. ಚೀನಾ ನಮ್ಮ ಲಡಾಖ್‌ನ ಅಕ್ಸಾಯ್ ಚಿನ್‌ನಲ್ಲಿ ರಸ್ತೆ ಮುಗಿಸಿದ್ದು 1957ರಲ್ಲಿ. ನಮ್ಮ ಸರ್ಕಾರ ಆಕ್ಷೇಪಿಸಿ ಪತ್ರ ಬರೆದದ್ದು 1958ರಲ್ಲಿ. ಸಂಸತ್ತಿಗೆ ಅದನ್ನು ಬಾಯಿಬಿಟ್ಟು ಹೇಳಿದ್ದು 1959ರ ಆಗಸ್ಟ್ ಕೊನೆಗೆ, ಸದಸ್ಯರು ಕೇಳಿ ಕೇಳಿ ಪಟ್ಟು ಹಿಡಿದ ಮೇಲೆ. ಚೀನಾ ಜೊತೆಗಿನ ಪತ್ರಗಳೆಲ್ಲ ಶ್ವೇತಪತ್ರವಾಗಿ ಸದನದ ಮುಂದೆ ಬಂದಿದ್ದು ಅದರ ನಂತರ, ಸೆಪ್ಟೆಂಬರಿನಲ್ಲಿ. ಎರಡು ವರ್ಷ ಯಾರಿಂದ ಏನನ್ನು ಮುಚ್ಚಿಟ್ಟ ಹಾಗಾಯಿತು? ಚೀನಾಕ್ಕೆ ತನ್ನ ರಸ್ತೆ ಎಲ್ಲಿದೆ ಎಂದು ಗೊತ್ತಿತ್ತು. ಗೊತ್ತಿಲ್ಲದವರು ನಾವು ಮಾತ್ರ.

1962ರಲ್ಲಿ ಯುದ್ಧ ನಡೆಯುತ್ತಿರುವಾಗಲೇ ಸಂಸತ್ತು ಕರೆಯಿರಿ ಎಂದು ಒತ್ತಾಯಿಸಿದವರಲ್ಲಿ ಇನ್ನೂ 40 ತುಂಬದ ವಾಜಪೇಯಿ ಇದ್ದರು. ನೆಹರೂ ಕರೆದರು. ನವೆಂಬರ್ 8ರಿಂದ ಚರ್ಚೆ. ಗಡಿಯಲ್ಲಿ ಸೈನಿಕರು ಸಾಯುತ್ತಿದ್ದರು, ಸದನದಲ್ಲಿ ಸರ್ಕಾರದ ತಪ್ಪುಗಳನ್ನು ಒಂದೊಂದಾಗಿ ಎಣಿಸಲಾಗುತ್ತಿತ್ತು. ಯುದ್ಧದ ನೆಪ ಹೇಳಿ ಚರ್ಚೆಯನ್ನೇ ನಿಲ್ಲಿಸಲಿಲ್ಲ. 14ರಂದು ಎಲ್ಲ ಪಕ್ಷದವರೂ ಸೇರಿ ಒಂದೇ ನಿರ್ಣಯ ಒಪ್ಪಿದರು.

ಅದೇ ವಾಜಪೇಯಿ 1994ರಲ್ಲಿ ಲೋಕಸಭೆಯ ವಿರೋಧ ಪಕ್ಷದ ನಾಯಕರು. ಹಿಂದಿನ ವರ್ಷದ ಜುಲೈನಲ್ಲಷ್ಟೇ ಅವರ ಪಕ್ಷ ನರಸಿಂಹ ರಾವ್ ಸರ್ಕಾರದ ವಿರುದ್ಧ ಅವಿಶ್ವಾಸಕ್ಕೆ ಮತ ಹಾಕಿತ್ತು. ಆದರೂ ಕಾಶ್ಮೀರದ ವಿಷಯ ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗಕ್ಕೆ ಹೋದಾಗ ಭಾರತದ ತಂಡದ ಮುಂದಾಳುವಾಗಿ ರಾವ್ ಕಳಿಸಿದ್ದು ಅವರನ್ನೇ. ಪಾಕಿಸ್ತಾನ ಭಾರತದ ವಿರುದ್ಧ ತಂದಿದ್ದ ತನ್ನ ನಿರ್ಣಯ ವಾಪಸು ತೆಗೆದುಕೊಂಡಿತು. ಮನೆಯೊಳಗೆ ಗಟ್ಟಿಯಾಗಿ ಪ್ರಶ್ನೆ ಕೇಳುವವನ ಮಾತಿಗೇ ಹೊರಗೂ ತೂಕ ಇರುತ್ತದೆ, ಅಲ್ವಾ?

ಬರೆಯುತ್ತಾ ಹೋದ ಹಾಗೆ ನಿಮ್ಮ ಮೇಲಿನ ಸಿಟ್ಟು ಇಳಿಯುತ್ತಿದೆ. ಬೇರೆ ಕಡೆ ಏರುತ್ತಿದೆ. ಮೊದಲ ಲೋಕಸಭೆ ಐದು ವರ್ಷದಲ್ಲಿ 677 ದಿನ ಕೂತಿತ್ತು. 2019ರಿಂದ 2024ರವರೆಗಿನ ಲೋಕಸಭೆ ಕೂತದ್ದು 274 ದಿನ. ಕೊರೊನಾ ಇತ್ತು, ನಿಜ. ಆದರೆ 2020ರ ಸೆಪ್ಟೆಂಬರಿನಲ್ಲಿ ಅಧಿವೇಶನ ನಡೆಸಿ, ಅದರಲ್ಲಿ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟರಲ್ಲ, ಅದಕ್ಕೆ ಏನು ಹೇಳೋಣ? ನಮ್ಮ ರಾಜ್ಯದಲ್ಲಿ ವರ್ಷಕ್ಕೆ 60 ದಿನ ಸದನ ನಡೆಸಬೇಕು ಎಂದು 2005ರಲ್ಲೇ ಕಾನೂನು ಮಾಡಿಕೊಂಡಿದ್ದೇವೆ. ಯಾವ ಪಕ್ಷ ಬಂದರೂ ಅದು ಕಾಗದದಲ್ಲೇ ಉಳಿಯುತ್ತದೆ. ಬೆಳಗಾವಿ ಅಧಿವೇಶನಕ್ಕೆ ಹತ್ತು ದಿನ ಕೊಡುವುದೇ ದೊಡ್ಡ ಉಪಕಾರ ಎನ್ನುವಂತೆ ಮಾತಾಡುತ್ತಾರೆ. ಆ ಹತ್ತು ದಿನದಲ್ಲಿ ಟಿವಿಯವರು ತೋರಿಸುವುದು ತಳ್ಳಾಟ. ನಾವು ಪತ್ರಿಕೆಯವರೂ ಕಡಿಮೆಯಿಲ್ಲ, ಅದರ ಫೋಟೋವನ್ನೇ ಮುಖಪುಟಕ್ಕೆ ಹಾಕುತ್ತೇವೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ ಇರುವ ಹಾಳೆಯನ್ನು ಯಾರೂ ತೆರೆಯುವುದಿಲ್ಲ. ಹಗಲು ರಾತ್ರಿ ಕೂತು ಪ್ರಶ್ನೆ ಸಿದ್ಧಮಾಡಿದ ಶಾಸಕನ ಹೆಸರು ಯಾರಿಗೂ ಗೊತ್ತಾಗುವುದಿಲ್ಲ, ಮೇಜು ಕುಟ್ಟಿದವನು ಮನೆಮಾತಾಗುತ್ತಾನೆ. ನೀವು ನೋಡಿದ್ದು ಬರೀ ಗಲಾಟೆ ಆಗಿದ್ದರೆ ಅದರಲ್ಲಿ ನಿಮ್ಮ ತಪ್ಪಿಗಿಂತ ನಮ್ಮ ತಪ್ಪು ಜಾಸ್ತಿ.

ಆದ್ದರಿಂದ ಒಂದು ಕೋರಿಕೆ. ವಿಧಾನಸಭೆಯ ಪ್ರಶ್ನೆ-ಉತ್ತರ ಈಗ ಕನ್ನಡದಲ್ಲೇ ಮೊಬೈಲಿನಲ್ಲಿ ಸಿಗುತ್ತವೆ. ಮೊಮ್ಮಕ್ಕಳಿಗೆ ಹೇಳಿ ತೆಗೆಸಿಕೊಳ್ಳಿ. ನಿಮ್ಮ ತಾಲ್ಲೂಕಿನ ಬಗ್ಗೆ ಯಾರು ಏನು ಕೇಳಿದ್ದಾರೆ, ಸರ್ಕಾರ ಏನು ಬರೆದುಕೊಟ್ಟಿದೆ ನೋಡಿ. ಷರಾ ಅಂಕಣದಲ್ಲಿ "ಪೂರ್ಣಗೊಂಡಿದೆ" ಎಂದಿರುವ ಒಂದು ಕೆಲಸ ಆರಿಸಿಕೊಂಡು ಸಂಜೆಯ ವಾಕಿಂಗಿಗೆ ಅತ್ತ ಕಡೆ ಹೋಗಿ ಬನ್ನಿ. ಅಲ್ಲಿ ಕಂಡದ್ದನ್ನು ಇದೇ ಅಂದದ ಅಕ್ಷರದಲ್ಲಿ ಬರೆದು ಕಳಿಸಿ. ನಾಲ್ಕು ಪುಟವಾದರೂ ಸರಿ, ಒಂದು ಸಾಲೂ ಕತ್ತರಿಸದೆ ಹಾಕುತ್ತೇನೆ.

— ಸಂಪಾದಕ