ಕ್ಯಾಂಪಸ್ ಎದುರಿನ ಮಳಿಗೆಯಲ್ಲಿ ತಟ್ಟೆ ಇಡ್ಲಿ?

ಆಗಸ್ಟ್‌ನಲ್ಲಿ ಓದಲು ಅಮೆರಿಕದ ಕೊಲಂಬಸ್‌ಗೆ ಬರುತ್ತಿದ್ದೀಯ, ಕೇಳಿ ಸಂತೋಷವಾಯಿತು. "ಅಕ್ಕ, ಅಲ್ಲಿ ಜೀವನ ಹೇಗೆ? ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಎದುರು ಪುಟ್ಟ ಮಳಿಗೆ ಹಿಡಿದು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮಾರಿದರೆ ಓದಿನ ಖರ್ಚು ಗಿಟ್ಟುವುದಿಲ್ಲವೇ?" ಎಂದು ಕೇಳಿದ್ದೀಯ. ಎರಡನೆಯದಕ್ಕೆ ಉತ್ತರಿಸಿದರೆ ಮೊದಲನೆಯದರ ಅರ್ಧ ಹೇಳಿದಂತೆಯೇ.

ವಿದ್ಯಾರ್ಥಿ ವೀಸಾದಲ್ಲಿ ವ್ಯಾಪಾರದ ಮಾತೇ ಇಲ್ಲ. ತರಗತಿ ನಡೆಯುವ ತಿಂಗಳುಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿಯಬಹುದು, ಅಷ್ಟೇ. ವೀಸಾ ಬಿಟ್ಟರೂ ಕಟ್ಟಡ ಬಿಡುವುದಿಲ್ಲ.

ನಮ್ಮ ತುಮಕೂರಿನ ಬಿ.ಎಚ್. ರಸ್ತೆಯನ್ನೇ ನೆನೆಸಿಕೋ. 2004ರಲ್ಲಿ ವಿಶ್ವವಿದ್ಯಾಲಯವಾಗುವ ಮೊದಲು, ಸರ್ಕಾರಿ ಕಾಲೇಜುಗಳ ಕಾಲದಲ್ಲಿ, ಅಲ್ಲೊಂದು ಷಟರಿನ ಹಿಂದೆ ಎಸ್‌ಟಿಡಿ ಬೂತ್ ಇತ್ತು. ಗಾಜಿನ ಗೂಡಿನಲ್ಲಿ ನಿಂತು ಮಾತಾಡುವಾಗ ಕಣ್ಣೆಲ್ಲ ಮೀಟರಿನ ಕೆಂಪು ಅಂಕಿಗಳ ಮೇಲೆ. ಅದೇ ಗೋಡೆಗಳ ನಡುವೆ ಪ್ಲೈವುಡ್ ಅಡ್ಡಗಟ್ಟಿ ಸೈಬರ್ ಸೆಂಟರ್ ಬಂತು, ಬಳಿಕ ಜೆರಾಕ್ಸ್ ಮತ್ತು ಸ್ಪೈರಲ್ ಬೈಂಡಿಂಗ್, ಕೊನೆಗೆ ಮೊಬೈಲ್ ರಿಪೇರಿ. ಅಡ್ವಾನ್ಸ್ ಕೊಟ್ಟು, 11 ತಿಂಗಳ ಕರಾರು ಬರೆಸಿ, ಬೋರ್ಡ್ ಬದಲಿಸಿದರೆ ಮರುದಿನವೇ ಹೊಸ ಕಸುಬು.

ಇಲ್ಲಿ ಯಾವ ಕಟ್ಟಡ ಯಾವ ಬಳಕೆಗೆ ಎಂಬುದು ನಗರಾಡಳಿತದ ಕಡತದಲ್ಲಿರುತ್ತದೆ. ಪುಸ್ತಕದಂಗಡಿಯನ್ನು ಹೋಟೆಲ್ ಮಾಡಲು ಬಳಕೆ ಬದಲಾವಣೆಯ ಅನುಮತಿ, ಆರೋಗ್ಯ ಇಲಾಖೆಯ ಪರವಾನಗಿ, ಅಗ್ನಿ ಸುರಕ್ಷತೆಯ ತಪಾಸಣೆ ಎಲ್ಲವೂ ಬೇಕು. ಕರಿಯುವುದು ಹುರಿಯುವುದು ಇದ್ದರೆ ಒಲೆಯ ಮೇಲೆ ಹೊಗೆ ಎಳೆಯುವ ಉಕ್ಕಿನ ಹುಡ್, ಚರಂಡಿಗೆ ಜಿಡ್ಡು ಹೋಗದಂತೆ ತಡೆಯುವ ತೊಟ್ಟಿ. ದುಬಾರಿ ಬಾಬತ್ತು ಇವು. ಅದಕ್ಕೇ ಒಮ್ಮೆ ಹೋಟೆಲ್ ಆದ ಮಳಿಗೆ ಹೆಚ್ಚಾಗಿ ಹೋಟೆಲ್ಲಾಗಿಯೇ ಕೈ ಬದಲಾಯಿಸುತ್ತದೆ. ಕ್ಯಾಂಪಸ್ ಪಕ್ಕದ ಮುಖ್ಯ ಬೀದಿಯಾದ ಹೈ ಸ್ಟ್ರೀಟ್ ಕಡೆ ನಾನು ನೋಡುತ್ತಾ ಬಂದಿರುವ ಒಂದು ಜೋಡಿ ಮಳಿಗೆಯಲ್ಲಿ ಪಿಜ್ಜಾದವನು ಹೋಗಿ ನೂಡಲ್ಸ್‌ನವನು ಬಂದ, ಅವನೂ ಹೋಗಿ ಈಗ ಕೊರಿಯಾದ ಕರಿದ ಕೋಳಿ. ಹುಡ್ ಮಾತ್ರ ಅದೇ, ಅದರ ಎಡ ಮೂಲೆಯ ನೆಗ್ಗೂ ಅದೇ. ಹುಡ್ ಇಲ್ಲದ ಪಕ್ಕದ ಪಾಲಿಗೆ ವೀಡಿಯೊ ಕ್ಯಾಸೆಟ್, ಫೋನ್ ರಿಪೇರಿ, ಈಗ ಬಬಲ್ ಟೀ.

ಯಾಕೆ ಇಷ್ಟು ಜನ ಬಂದು ಹೋಗುತ್ತಾರೆ? ಬಾಡಿಗೆ 12 ತಿಂಗಳದ್ದು, ಗಿರಾಕಿ ಅಷ್ಟು ತಿಂಗಳು ಇರುವುದಿಲ್ಲ. ಮೇ ತಿಂಗಳ ಹೊತ್ತಿಗೆ ಪರೀಕ್ಷೆ ಮುಗಿದರೆ ಆಗಸ್ಟ್ ಕೊನೆಯವರೆಗೆ ಬೀದಿ ಬಿಕೋ ಎನ್ನುತ್ತದೆ. ಸಾಲದ್ದಕ್ಕೆ ಕಟ್ಟಡದ ತೆರಿಗೆ, ವಿಮೆ, ದುರಸ್ತಿಯನ್ನೂ ಬಾಡಿಗೆದಾರನ ತಲೆಗೇ ಕಟ್ಟುವ ಕರಾರುಗಳು ಇಲ್ಲಿ ಮಾಮೂಲು. ಇನ್ನು ಶರತ್ಕಾಲದ ಫುಟ್‌ಬಾಲ್ ಶನಿವಾರಗಳು. ಇಲ್ಲಿನ ಕ್ರೀಡಾಂಗಣ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹಿಡಿಸುತ್ತದೆ. ಅಂದು ಮಳಿಗೆಗಳ ಹಿಂದಿನ ಖಾಲಿ ಜಾಗ ಕಾರು ನಿಲ್ಲಿಸಲು ಬಾಡಿಗೆಗೆ ಹೋಗುತ್ತದೆ. ಅಡುಗೆಗಿಂತ ಅದರಲ್ಲೇ ಲಾಭ ಹೆಚ್ಚೆಂದು ನನ್ನ ಗುಮಾನಿ.

ಆದ್ದರಿಂದ ಕ್ಯಾಂಪಸ್ ಎದುರು ಇಂಥ ಅಂಗಡಿ ಇದೆ ಎಂದು ಯಾರದೋ ಮಾತು ಕೇಳಿ ಮನೆ ಹಿಡಿಯಬೇಡ. ನೀನು ಬರುವ ಹೊತ್ತಿಗೆ ಅದು ಇರುತ್ತದೆಂಬ ಖಾತರಿಯಿಲ್ಲ. ವಿದ್ಯಾರ್ಥಿ ಶುಲ್ಕದಲ್ಲೇ ನಗರ ಬಸ್ಸಿನ ಪಾಸೂ ಸೇರಿರುತ್ತದೆ. ಬೇಳೆ, ಅಕ್ಕಿಗೆ ದೂರದ ಭಾರತೀಯ ಅಂಗಡಿಗೇ ಹೋಗು. ಬಸ್ಸಿನ ದಾರಿ ನೋಡಿ ಕೋಣೆ ಹುಡುಕು, ಈಗಿನಿಂದಲೇ, ಏಕೆಂದರೆ ಕ್ಯಾಂಪಸ್ ಹತ್ತಿರದ ಮನೆಗಳಿಗೆ ಹಿಂದಿನ ಚಳಿಗಾಲಕ್ಕೂ ಮೊದಲೇ ಸಹಿ ಬೀಳತೊಡಗುತ್ತದೆ. ಆ ಕರಾರೂ ಸಾಮಾನ್ಯವಾಗಿ 12 ತಿಂಗಳದ್ದೇ. ಬೇಸಿಗೆಯಲ್ಲಿ ನೀನು ಬೇರೆ ಊರಿಗೆ ಹೋದರೆ ಒಳಬಾಡಿಗೆಗೆ ಕೊಡಬಹುದೇ ಎಂಬುದನ್ನು ಸಹಿಗೆ ಮೊದಲೇ ಓದಿಕೋ.