ಕೇರೆ ಹಾವು ಗಂಡು, ನಾಗರಹಾವು ಹೆಣ್ಣು ಅನ್ನೋದು ನಿಜವೇ? ಗಾತ್ರ ನೋಡಿ ಹಾವು, ಓತಿ, ಆಮೆಗಳ ಗಂಡು ಹೆಣ್ಣು ಹೇಳಬಹುದೇ?

ಚಿಂತಾಮಣಿ ಹತ್ತಿರದ ನಿಮ್ಮ ತೋಟದಲ್ಲಿ ಎರಡು ಉದ್ದನೆಯ ಹಾವುಗಳು ಹೆಣೆದುಕೊಂಡು ಎದ್ದು ನಿಂತಿದ್ದನ್ನು ನೋಡಿದ್ದೀರಿ. ಒಂದು ಕೇರೆ, ಇನ್ನೊಂದು ನಾಗರ, ದೊಡ್ಡದೇ ಗಂಡು ಅಂತ ಊರಿನವರು ಹೇಳಿದ್ದಾರೆ. ಅದು ನಿಜವೇ, ಗಾತ್ರದಿಂದ ಗಂಡು ಹೆಣ್ಣು ಗೊತ್ತಾಗುತ್ತಾ ಅಂತ ಕೇಳಿದ್ದೀರಿ.

ನಿಜ ಅಲ್ಲ. ನೀವು ನೋಡಿದ್ದು ಹೆಚ್ಚುಕಡಿಮೆ ಖಂಡಿತ ಎರಡೂ ಕೇರೆ, ಎರಡೂ ಗಂಡು. ಅವು ಕೂಡುತ್ತಿರಲಿಲ್ಲ, ಕುಸ್ತಿ ಆಡುತ್ತಿದ್ದವು.

ನಾನು ಶಿಡ್ಲಘಟ್ಟ ತಾಲ್ಲೂಕಿನವನು. ಓದಿದ್ದು ಪ್ರಾಣಿಶಾಸ್ತ್ರ, ಮನೆಯಲ್ಲಿ ರೇಷ್ಮೆ. ಸೊಪ್ಪಿನ ತೋಟ, ಹುಳು ಮನೆ, ಇಲಿ, ಇಲಿ ಹಿಂದೆ ಕೇರೆ ಹಾವು. ಇವುಗಳ ನಡುವೆಯೇ ಬೆಳೆದಿದ್ದೇನೆ. ನನಗೆ ಎಂಟು ಒಂಬತ್ತು ವರ್ಷ ಇದ್ದಾಗ ನಮ್ಮ ತೋಟದ ಬದುವಿನ ಮೇಲೂ ಇದೇ ದೃಶ್ಯ. ಅಜ್ಜಿ ಹೊಸ ಪಂಚೆ ತರೋಕೆ ಮನೆಗೆ ಓಡಿದರು. ಹಾವು ಕೂಡುವಾಗ ಮೇಲೆ ಬಟ್ಟೆ ಹಾಕಿ, ಆಮೇಲೆ ಅದನ್ನು ಪೆಟ್ಟಿಗೆಯಲ್ಲಿಟ್ಟರೆ ಮನೆಗೆ ಒಳ್ಳೆಯದು ಅಂತ ನಂಬಿಕೆ. ಅಷ್ಟರಲ್ಲಿ ಯಾರೋ ಕಲ್ಲು ಹೊಡೆದರು. ಒಂದು ಹಾವಿಗೆ ಸೊಂಟ ಮುರಿಯಿತು. ಅದು ಬದುವಿನ ಹುಲ್ಲಿನಲ್ಲಿ ಒದ್ದಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಈ ವಿಷಯ ಓದಿದ್ದಕ್ಕೆ ಅದೂ ಒಂದು ಕಾರಣ.

ನಮ್ಮ ಕಡೆ ಈ ನಂಬಿಕೆ ಎಷ್ಟು ಗಟ್ಟಿ ಅಂದರೆ ಹೆಸರಿನಲ್ಲೇ ಕೂತಿದೆ. ಮನೆಯಲ್ಲಿ ತೆಲುಗು ಮಾತಾಡುವವರು ಕೇರೆಗೆ ಜೆರ್ರಿಪೋತು ಅಂತಾರೆ. ಪೋತು ಅಂದರೆ ಗಂಡು ಪ್ರಾಣಿ. ಕೇರೆ ಎರಡು ಮೀಟರ್ ದಾಟುತ್ತೆ, ನಾಗರ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್. ದೊಡ್ಡದು ಗಂಡು, ಚಿಕ್ಕದು ಹೆಣ್ಣು ಅಂತ ಜನ ಜೋಡಿ ಮಾಡಿಬಿಟ್ಟಿರಬೇಕು, ಅಂತ ನನ್ನ ಊಹೆ. ಆದರೆ ಇವೆರಡೂ ಬೇರೆ ಬೇರೆ ಕುಟುಂಬದ ಹಾವುಗಳು. ಒಂದಕ್ಕೆ ವಿಷ ಇಲ್ಲ, ಇನ್ನೊಂದಕ್ಕೆ ಇದೆ. ಅವು ಕೂಡೋದೂ ಇಲ್ಲ, ಮರಿ ಆಗೋದೂ ಇಲ್ಲ. ಕೇರೆಯಲ್ಲೇ ಗಂಡು ಹೆಣ್ಣು ಇವೆ, ನಾಗರದಲ್ಲೂ ಅಷ್ಟೇ.

ಕುಸ್ತಿ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡು ಗಂಡು ಕೇರೆ ಎದುರಾದರೆ ಹಗ್ಗ ಹೊಸೆದ ಹಾಗೆ ಸುತ್ತಿಕೊಳ್ಳುತ್ತವೆ. ಮೈಯ ಮುಂಭಾಗ ಮೇಲೆತ್ತಿ, ಒಂದರ ತಲೆಯನ್ನು ಇನ್ನೊಂದು ಕೆಳಕ್ಕೆ ಒತ್ತುತ್ತೆ. ಬೀಳುತ್ತವೆ, ಮತ್ತೆ ಏಳುತ್ತವೆ. ಸಾಮಾನ್ಯವಾಗಿ ಕಚ್ಚೋದಿಲ್ಲ. ಕೊನೆಗೆ ಸೋತದ್ದು ಸರಸರ ಜಾಗ ಖಾಲಿ ಮಾಡುತ್ತೆ. ಕೂಡುವಾಗ ಹೀಗೆ ಎದ್ದು ನಿಲ್ಲೋದಿಲ್ಲ. ಹೆಣ್ಣು ನೆಲದ ಮೇಲೆ ಮಲಗಿರುತ್ತೆ, ಗಂಡು ಅದರ ಬೆನ್ನಿನುದ್ದಕ್ಕೂ ಮೈ ಸೇರಿಸಿ ಬಾಲ ಮಾತ್ರ ಹೆಣೆಯುತ್ತೆ. ನೋಡೋಕೆ ತುಂಬಾ ಶಾಂತ.

ಈಗ ಗಾತ್ರದ ವಿಷಯ. ದೊಡ್ಡದು ಗಂಡೋ ಹೆಣ್ಣೋ ಅನ್ನೋದಕ್ಕೆ ಎಲ್ಲಾ ಸರೀಸೃಪಗಳಿಗೂ ಹೊಂದುವ ಒಂದೇ ಉತ್ತರ ಇಲ್ಲ. ಆ ಜಾತಿಯಲ್ಲಿ ದೊಡ್ಡ ಮೈ ಯಾರಿಗೆ ಉಪಯೋಗಕ್ಕೆ ಬರುತ್ತೆ ಅಂತ ಕೇಳಿಕೊಂಡರೆ ಉತ್ತರ ಸಿಗುತ್ತೆ.

ರೇಷ್ಮೆ ಗೊತ್ತಿರುವವರಿಗೆ ಇದು ಸುಲಭ. ಬಿತ್ತನೆ ಗೂಡು ಕತ್ತರಿಸಿ ಒಳಗಿನ ಕೋಶ ತೆಗೆದು ಗಂಡು ಹೆಣ್ಣು ಬೇರೆ ಮಾಡುತ್ತಾರಲ್ಲ, ಅಲ್ಲಿ ಹೆಣ್ಣೇ ತೂಕ. ಹೊಟ್ಟೆಯ ಕೆಳತುದಿಯಲ್ಲಿ ಹೆಣ್ಣಿಗೆ ಸಣ್ಣ ಗುಣಿಸುವ ಚಿಹ್ನೆಯಂಥ ಗೆರೆ, ಗಂಡಿಗೆ ಒಂದು ಚುಕ್ಕೆ. ಕೈ ಪಳಗಿದ ಹೆಂಗಸರು ಗುರುತು ನೋಡುವ ಮೊದಲೇ ಅಂಗೈಯಲ್ಲಿ ಭಾರ ನೋಡಿ ಹೇಳಿಬಿಡುತ್ತಾರೆ. ಯಾಕೆ ಭಾರ? ಒಂದು ಹೆಣ್ಣು ಚಿಟ್ಟೆ ನಾನೂರು ಐನೂರು ಮೊಟ್ಟೆ ಇಡುತ್ತೆ. ಅಷ್ಟನ್ನೂ ಹೊರೋಕೆ ಜಾಗ ಬೇಕು.

ಹಾವುಗಳಲ್ಲೂ ಇದೇ ಲೆಕ್ಕ. ಮೈ ದೊಡ್ಡದಾದಷ್ಟೂ ಮೊಟ್ಟೆಗೋ ಮರಿಗೋ ಜಾಗ ಜಾಸ್ತಿ. ಅದಕ್ಕೇ ಹಾವುಗಳ ಹೆಚ್ಚಿನ ಜಾತಿಗಳಲ್ಲಿ ಹೆಣ್ಣೇ ದೊಡ್ಡದು. ನಮ್ಮ ಕೆರೆಗಳ ನೀರು ಹಾವನ್ನೇ ನೋಡಿ. ಹೆಣ್ಣು ದಪ್ಪ, ಉದ್ದ, ಕೆಲವೊಮ್ಮೆ ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಮೊಟ್ಟೆ ಇಡುತ್ತೆ. ಗಂಡು ಅದರ ಪಕ್ಕದಲ್ಲಿ ಸಣಕಲು. ಹೆಬ್ಬಾವಿನಲ್ಲೂ ಹೆಣ್ಣೇ ದೊಡ್ಡದು, ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಮೈ ನಡುಗಿಸಿ ಕಾವು ಕೊಡುತ್ತೆ. ದಕ್ಷಿಣ ಅಮೆರಿಕದ ಹಸಿರು ಅನಕೊಂಡದಲ್ಲಂತೂ ಹೆಣ್ಣು ಗಂಡಿಗಿಂತ ಹಲವು ಪಟ್ಟು ತೂಕ.

ಗಂಡು ಗಂಡು ಕಾದಾಡುವ ಜಾತಿಗಳಲ್ಲಿ ಲೆಕ್ಕ ತಿರುಗುತ್ತೆ. ಅಲ್ಲಿ ಗೆಲ್ಲೋಕೆ ಮೈ ಬೇಕು. ಗೆದ್ದವನಿಗೆ ಹೆಣ್ಣು ಸಿಗುತ್ತೆ, ಅವನ ಮರಿಗಳೂ ದೊಡ್ಡದಾಗುವ ಸಾಧ್ಯತೆ ಹೆಚ್ಚು. ಆಸ್ಟ್ರೇಲಿಯಾದ ವಿಜ್ಞಾನಿ ರಿಚರ್ಡ್ ಶೈನ್ 1978ರಲ್ಲಿ ಹಾವುಗಳ ಬಗ್ಗೆ ತೋರಿಸಿದ್ದು ಇದನ್ನೇ. ಗಂಡುಗಳು ಕಾದಾಡುವ ಜಾತಿಗಳಲ್ಲಿ ಗಂಡು ಹೆಣ್ಣಿನಷ್ಟೇ ಅಥವಾ ಅದಕ್ಕಿಂತ ದೊಡ್ಡದಿರೋದು ಜಾಸ್ತಿ. ಮಲೆನಾಡಿನ ಕಾಳಿಂಗ ಸರ್ಪ ಹಾಗೆ, ನಮ್ಮ ಕೇರೆಯೂ ಹಾಗೆ. ಉಡದಲ್ಲೂ ಗಂಡು ದೊಡ್ಡದು. ಎರಡು ಗಂಡು ಉಡ ಹಿಂಗಾಲ ಮೇಲೆ ನಿಂತು ತೋಳು ತೆಕ್ಕೆ ಹಾಕಿ ಪೈಲ್ವಾನರ ಹಾಗೆ ತಳ್ಳಾಡುತ್ತವೆ.

ಗಾತ್ರದ ಜೊತೆ ಬಣ್ಣ, ಆಕಾರವೂ ಬದಲಾಗೋದನ್ನು ನೋಡಬೇಕು ಅಂದರೆ ನೀವು ದೂರ ಹೋಗಬೇಕಾಗಿಲ್ಲ. ಕೈವಾರದ ಬೆಟ್ಟ, ಕೈಲಾಸಗಿರಿ, ನಂದಿ ಬೆಟ್ಟ, ಎಲ್ಲಿ ದೊಡ್ಡ ಬಂಡೆ ಇದೆಯೋ ಅಲ್ಲಿ ಬಂಡೆ ಓತಿ ಇರುತ್ತೆ. ಮರಿ ಮಾಡುವ ಕಾಲದಲ್ಲಿ ಬೆಳಿಗ್ಗೆ ಬಿಸಿಲು ಏರಿದ ಮೇಲೆ ಹೋಗಿ. ಬಂಡೆಯ ತುತ್ತತುದಿಯಲ್ಲಿ ತಲೆಯೆತ್ತಿ ಕೂತದ್ದು ಗಂಡು. ದಪ್ಪ ತಲೆ, ಬೆನ್ನು ಕೆಂಪೋ ಕಿತ್ತಳೆಯೋ, ಪಕ್ಕೆ ಕಪ್ಪು. ಬಸ್ಕಿ ಹೊಡೆದ ಹಾಗೆ ಮೈ ಮೇಲೆ ಕೆಳಗೆ ಆಡಿಸುತ್ತೆ. ಅದೇ ಬಂಡೆಯ ಮೇಲೆ ಹೆಣ್ಣೂ ಇರುತ್ತೆ, ಆದರೆ ಮೊದಲ ಸಲ ನಿಮಗೆ ಕಾಣೋದಿಲ್ಲ. ಚಿಕ್ಕದು, ಕಂದು, ಕಲ್ಲಿನ ಬಣ್ಣಕ್ಕೆ ಕಲ್ಲಿನ ಬಣ್ಣ. ಅದು ಓಡಿದಾಗ ಮಾತ್ರ ಅಲ್ಲೊಂದು ಜೀವ ಇತ್ತು ಅಂತ ಗೊತ್ತಾಗುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಓತಿಯನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಹೆಣ್ಣಿನ ಎದುರು ಒಂದು ಬಣ್ಣ, ಎದುರಾಳಿ ಗಂಡಿನ ಎದುರು ಇನ್ನೊಂದು ಬಣ್ಣ, ನೋಡನೋಡುತ್ತಲೇ ಬದಲಾಯಿಸುತ್ತೆ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಯ ಅತಿ ಚೆಂದದ ಪ್ರಾಣಿ ಇದೇ.

ಬೇಲಿ ಮೇಲಿನ ಓತಿಕ್ಯಾತದಲ್ಲೂ ಗಂಡಿನ ಕೆನ್ನೆ ಊದಿಕೊಂಡು ಗಂಟಲು ಕೆಂಪಾಗುತ್ತೆ. ರಕ್ತ ಹೀರಿ ಕೆಂಪಾಗಿದೆ ಅಂತ ಮಕ್ಕಳು ಕಲ್ಲು ಹೊಡೆಯುತ್ತಾರೆ. ದಯವಿಟ್ಟು ತಡೆಯಿರಿ, ಅದು ಯಾರ ರಕ್ತವನ್ನೂ ಹೀರೋದಿಲ್ಲ.

ಆಮೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಕುರುಚಲು ಕಾಡಿನ ನಕ್ಷತ್ರ ಆಮೆಯಲ್ಲಿ ಹೆಣ್ಣು ದೊಡ್ಡದು, ಅಗಲ. ಗಂಡಿನ ಬಾಲ ಉದ್ದ, ಹೊಟ್ಟೆಯ ಚಿಪ್ಪು ಸ್ವಲ್ಪ ಒಳಕ್ಕೆ ತಗ್ಗು. ಹೆಣ್ಣಿನ ಬೆನ್ನ ಮೇಲೆ ಜಾರದೆ ನಿಲ್ಲೋಕೆ ಆ ತಗ್ಗು. ಇದನ್ನು ನೋಡಬೇಕು ಅಂತ ಮನೆಗೆ ತರಬೇಡಿ, ಹಿಡಿಯೋದೂ ಸಾಕೋದೂ ಅಪರಾಧ.

ಹಾಗಾದರೆ ಎದುರಿಗಿರುವ ಒಂದೇ ಹಾವನ್ನು ನೋಡಿ ಹೇಳೋದು ಹೇಗೆ? ಗಾತ್ರ ನಂಬಬೇಡಿ. ಹಾವುಗಳು ದೊಡ್ಡವಾದ ಮೇಲೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತವೆ, ಹಾಗಾಗಿ ದೊಡ್ಡದು ಸುಮ್ನೆ ವಯಸ್ಸಾದದ್ದೂ ಇರಬಹುದು. ಬಾಲ ನೋಡಬೇಕು. ಗಂಡಿನ ಜನನಾಂಗ ಬಾಲದ ಒಳಗೆ ಮಡಚಿಕೊಂಡಿರುತ್ತೆ, ಅದೂ ಒಂದು ಜೋಡಿ. ಅದಕ್ಕೆ ಗಂಡಿನ ಬಾಲ ಉದ್ದ, ಬುಡ ಸ್ವಲ್ಪ ದೂರ ದಪ್ಪವಾಗಿಯೇ ಹೋಗಿ ಆಮೇಲೆ ಸಣ್ಣಗಾಗುತ್ತೆ. ಹೆಣ್ಣಿನದು ಬುಡದಿಂದಲೇ ಸರಕ್ಕನೆ ಸಣ್ಣಗಾಗುತ್ತೆ. ಇದಕ್ಕಾಗಿ ಹಾವು ಹಿಡಿಯೋಕೆ ಹೋಗಬೇಡಿ. ತೋಟದಲ್ಲಿ ಪೂರ್ತಿ ಪೊರೆ ಸಿಕ್ಕರೆ ಅದನ್ನೇ ನೆರಳಲ್ಲಿ ಬಿಡಿಸಿ ನೋಡಿ, ಬಾಲ ಶುರುವಾಗುವ ಜಾಗ ಚೆನ್ನಾಗಿ ಕಾಣುತ್ತೆ.

ಮನೆಯೊಳಗೇ ನೋಡಬೇಕು ಅಂದರೆ ರಾತ್ರಿ ಕಿಟಕಿ ಗಾಜಿನ ಹೊರಗೆ ಬಂದು ಅಂಟುವ ಹಲ್ಲಿ ಸಾಕು. ಒಳಗಿನಿಂದ ಟಾರ್ಚ್ ಹಿಡಿಯಿರಿ. ಹೊಟ್ಟೆಯ ತೆಳು ಚರ್ಮದ ಒಳಗೆ ಎರಡು ಬಿಳಿ ಮೊಟ್ಟೆ ಕಂಡರೆ ಹೆಣ್ಣು. ಬಾಲದ ಬುಡದಲ್ಲಿ ಎರಡು ಕಡೆ ಉಬ್ಬು ಇದ್ದರೆ ಗಂಡು.

ಇನ್ನು ನಿಮ್ಮ ತೋಟದ ಜೋಡಿ. ಗೆದ್ದ ಕೇರೆ ಅದೇ ಸುತ್ತಮುತ್ತ ಇರುವ ಸಾಧ್ಯತೆ ಇದೆ. ಮತ್ತೆ ಹೆಣೆದುಕೊಂಡು ನಿಂತದ್ದು ಕಂಡರೆ ಹತ್ತು ಹದಿನೈದು ಅಡಿ ದೂರದಿಂದ ಫೋನಲ್ಲಿ ವಿಡಿಯೊ ತೆಗೆದು ಇಲ್ಲೇ ಹಾಕಿ. ತಲೆ ಮತ್ತು ಬಾಲ ಎರಡೂ ಕಾಣುವ ಹಾಗಿರಲಿ, ನೋಡಿ ಹೇಳುತ್ತೇನೆ.